ಸುಣ್ಣ ಬಳಿಯದ ಐದು ಕಲ್ಲು

ವಾಡಿ

ಜಮೈಕಾ ಅಂದರೆ ನಮ್ಮ ವಾಡಿಯ ಮಂದಿಗೆ ಕ್ರಿಕೆಟ್ಟು, ಉದ್ದುದ್ದನೆಯ ಬೌಲರುಗಳು. ನನಗೆ ಅದು ಮೊಣಕಾಲು ನೋವು. ಹೋಗಿ ಬಂದು ತಿಂಗಳುಗಳಾದವು, ಈಗಲೂ ಆ ದೇಶದ ಹೆಸರು ಕಿವಿಗೆ ಬಿದ್ದರೆ ಮೊದಲು ಬಲ ಮೊಣಕಾಲು ಚುಳುಕ್ ಅನ್ನುತ್ತದೆ, ಸಮುದ್ರ ಆಮೇಲೆ ನೆನಪಾಗುತ್ತದೆ. ಹೋದದ್ದು ಸಮುದ್ರ ನೋಡಲಿಕ್ಕೂ ಅಲ್ಲ. ಒಂದು ನಕ್ಷೆ ತಾಳೆ ನೋಡಲಿಕ್ಕೆ ಹೋದೆ. ಆ ನಕ್ಷೆಯಲ್ಲಿ ಐದು ಕಲ್ಲುಗಳ ಮುಂದೆ ಏನು ಬರೆಯಬೇಕು ಅನ್ನುವುದೇ ಇಡೀ ಪ್ರವಾಸವಾಯಿತು.

ಮೂವತ್ತೆಂಟು ವರ್ಷ ಸುಣ್ಣದಕಲ್ಲಿನ ಗಣಿಗಳಲ್ಲಿ ಸರ್ವೆ ಕೆಲಸ ಮಾಡಿ ನಿವೃತ್ತನಾಗಿದ್ದೆ. ಬೆಳಿಗ್ಗೆ ಪೇಪರು, ಸಂಜೆ ಸ್ಟೇಷನ್ನಿನ ಕಡೆ ಒಂದು ಸುತ್ತು, ಇಷ್ಟರಲ್ಲೇ ದಣಿಯುವ ವಯಸ್ಸು. ಆಗ ಹಳೆಯ ಮ್ಯಾನೇಜರೊಬ್ಬರು ಫೋನ್ ಮಾಡಿದರು. ಜಮೈಕಾದಲ್ಲಿ ಒಂದು ಕಂಪನಿ ಸುಣ್ಣದಕಲ್ಲಿನ ಗುಡ್ಡವನ್ನು ಗುತ್ತಿಗೆಗೆ ಹಿಡಿಯಲಿದೆ, ಡ್ರೋನಿನ ನಕ್ಷೆ ಆಗಿದೆ, ಕಾಲಲ್ಲಿ ನಡೆದು ಅದನ್ನು ತಾಳೆ ನೋಡುವವರು ಬೇಕು, ಮೂರು ವಾರದ ಕೆಲಸ ಅಂದರು. ಜೊತೆಗೆ ಕಲ್ಲು ತೂತು ಹೊಡೆದು ಮಾದರಿ ತೆಗೆಯಲು ಮೌಲಾಸಾಬನನ್ನು ಕರೆದುಕೊಂಡು ಹೋಗಿರಿ ಅಂದರು.

ಮೌಲಾಸಾಬ ಶಹಾಬಾದಿನವನು. ಅವನ ಮನೆತನದಲ್ಲಿ ಎಲ್ಲರೂ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸಿದವರು, ಕಡಿದವರು, ಹಾಸಿದವರು. ನನ್ನ ಜೊತೆ ಮೂವತ್ತು ವರ್ಷಕ್ಕೂ ಮೇಲೆ ಡ್ರಿಲ್ ಮಷೀನು ನಡೆಸಿದವನು. ಎಲ್ಲಿ ಹೋದರೂ ಹಾಸಿದ ಕಲ್ಲು ಕಂಡರೆ ಬಗ್ಗಿ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಾನೆ. ಹೈದರಾಬಾದಿನ ವಿಮಾನ ನಿಲ್ದಾಣದ ನೆಲವನ್ನೂ ಹಾಗೆ ಕುಟ್ಟಿ ನೋಡಿದ. ಪೊಲೀಸನೊಬ್ಬ ಬಂದು ಏನು ಕಳೆದಿದೆ ಅಂತ ಕೇಳಿದ. ಅವನಿಗೆ ತಿಳಿಸಿ ಹೇಳುವಷ್ಟರಲ್ಲೇ ನನಗೆ ಅರ್ಧ ಪ್ರವಾಸ ಮಾಡಿದಷ್ಟು ಸುಸ್ತಾಗಿತ್ತು.

ಮೊಂಟೆಗೊ ಬೇ

ಎರಡು ವಿಮಾನ ಬದಲಿಸಿ ಇಳಿದಾಗ ಮೌಲಾನ ಪೆಟ್ಟಿಗೆ ಬಂತು, ನನ್ನದು ಬರಲಿಲ್ಲ. ಅದರಲ್ಲಿ ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನನ್ನ ಐದು ಅಂಗಿ, ಮೊಣಕಾಲಿನ ಎಣ್ಣೆ ಎಲ್ಲಾ ಇದ್ದವು. ಕೌಂಟರಿನ ಹೆಣ್ಣುಮಗಳು ಬಹಳ ಪ್ರೀತಿಯಿಂದ ಮಾತಾಡಿ, ಪೆಟ್ಟಿಗೆ ಬೇರೆ ದೇಶದಲ್ಲಿದೆ, ನಾಳೆ ಬರಬಹುದು ಅಂದಳು. ಅದು ಹನ್ನೊಂದನೆಯ ದಿನಕ್ಕೆ ಬಂತು. ಅಲ್ಲಿಯವರೆಗೆ ನಾನು ಮೌಲಾನ ಅಂಗಿಗಳನ್ನೇ ತೊಟ್ಟೆ. ಅವನು ಅಗಲ ಮೈಯವನು, ನಾನು ಕಡ್ಡಿ. ಭುಜದ ಹೊಲಿಗೆ ಮೊಣಕೈ ಹತ್ತಿರ ಬರುತ್ತಿತ್ತು.

ಬಿಸಿಲು ನಮಗೆ ಹೊಸದಲ್ಲ. ಆದರೆ ನಮ್ಮ ಬಿಸಿಲಿಗೆ ಒಂದು ಮರ್ಯಾದೆ ಇದೆ, ನೆರಳಿಗೆ ಹೋದರೆ ಬಿಡುತ್ತದೆ. ಇಲ್ಲಿನದು ನೆರಳಿಗೂ ಹಿಂದೆ ಬರುತ್ತಿತ್ತು. ಮೈ ಒಣಗಿದ್ದೇ ಇಲ್ಲ. ಡ್ರೈವರ್ ಡೆಸ್ಮಂಡ್ ಎಂಬವನು ನಮ್ಮನ್ನು ಗುಡ್ಡದ ಕಡೆ ಕರೆದೊಯ್ದ. ದಾರಿಯುದ್ದಕ್ಕೂ ಹಾರ್ನು ಹೊಡೆದ, ಸಿಟ್ಟಿಗಲ್ಲ, ಗುರುತಿನವರಿಗೆಲ್ಲ ನಮಸ್ಕಾರ ಹೇಳಲಿಕ್ಕೆ. ಕಬ್ಬಿನ ಬಯಲು ದಾಟಿತು, ಹಳೆಯ ಸಕ್ಕರೆ ಎಸ್ಟೇಟಿನ ಮುರಿದ ಚಿಮಣಿಯೊಂದು ದಾಟಿತು. ನಾನು ನಿದ್ದೆಗೆ ಜಾರಿ ತಲೆ ಕಿಟಕಿಗೆ ಬಡಿದುಕೊಂಡೆ.

ಗುಡ್ಡದ ಊರು

ಊರಿನ ಹೆಸರು ಬರೆಯುವುದಿಲ್ಲ. ಐವತ್ತು ಅರವತ್ತು ಮನೆ, ಒಂದು ಚರ್ಚು, ಒಂದು ಶಾಲೆ, ಒಂದು ಅಂಗಡಿ. ಅಂಗಡಿಯ ಮುಂದೆ ಗಂಡಸರು ಡೊಮಿನೊ ಆಡುತ್ತ ಒಂದೊಂದು ಬಿಲ್ಲೆಯನ್ನೂ ಮೇಜಿಗೆ ಪಟಾರನೆ ಬಡಿಯುತ್ತಿದ್ದರು.

ಮೊದಲ ದಿನ ಗುಡ್ಡದ ದಾರಿ ಕೇಳಲು ಕೊನೆಯ ಮನೆಯ ಬೇಲಿಯ ಹತ್ತಿರ ನಿಂತೆ. ಅಂಗಳದಲ್ಲಿ ಮುದುಕಿಯೊಬ್ಬಳು ಗೆಣಸಿನ ಸಿಪ್ಪೆ ಹೆರೆಯುತ್ತಿದ್ದಳು. ಮೇಲೆ ಹೋಗುವ ದಾರಿ ಯಾವುದು ಅಂದೆ. ಆಕೆ ತಲೆ ಎತ್ತಲಿಲ್ಲ. ಕಿವಿ ಕೇಳಿಸದೇನೋ ಅಂತ ಜೋರಾಗಿ ಕೇಳಿದೆ. ಆಗಲೂ ಇಲ್ಲ. ಮೂರನೆಯ ಸಲ ಕೇಳುವಾಗ ಡೆಸ್ಮಂಡ್ ಓಡಿ ಬಂದು ನನ್ನ ತೋಳು ಹಿಡಿದ. ಮೊದಲು ಗುಡ್ ಮಾರ್ನಿಂಗ್ ಹೇಳಬೇಕು, ಹೇಳದವನು ಇಲ್ಲಿ ಮನುಷ್ಯರ ಲೆಕ್ಕದಲ್ಲಿಲ್ಲ ಅಂದ. ಹೇಳಿದೆ. ಮುದುಕಿ ತಲೆ ಎತ್ತಿ, ನಕ್ಕು, ಕೂರಲು ಮಣೆ ಕೊಟ್ಟು, ದಾರಿಯನ್ನೂ ತೋರಿಸಿದಳು.

ನಮ್ಮ ಚಿತ್ತಾಪುರದ ಕಡೆಯಾದರೆ ಎದುರಿಗೆ ಸಿಕ್ಕವರನ್ನು ಊಟ ಆಯಿತೇ ಅಂತ ಕೇಳುತ್ತೇವೆ, ಉತ್ತರಕ್ಕೆ ಕಾಯುವುದಿಲ್ಲ. ಇಲ್ಲಿಯವರು ಕಾಯುತ್ತಾರೆ. ಯಾಕೆ ಅಂತ ಆಮೇಲೆ ಡೆಸ್ಮಂಡ್ ಹೇಳಿದ. ಗುಲಾಮರಾಗಿದ್ದ ಇವರ ಹಿರಿಯರಿಗೆ ಧಣಿಗಳು ಬೆಳಗಾದರೆ ಕೆಲಸ ಹೇಳುತ್ತಿದ್ದರು, ಬಯ್ಯುತ್ತಿದ್ದರು, ಹೊಡೆಯುತ್ತಿದ್ದರು, ನಮಸ್ಕಾರ ಮಾತ್ರ ಹೇಳುತ್ತಿರಲಿಲ್ಲವಂತೆ. ಅದು ನಿಜವೋ ಅವನು ಕಟ್ಟಿದ ಮಾತೋ ಗೊತ್ತಿಲ್ಲ. ನಾನು ಮಾತ್ರ ಆವತ್ತಿನಿಂದ ಮೇಕೆಗೂ ಗುಡ್ ಮಾರ್ನಿಂಗ್ ಹೇಳಿದೆ.

ಮುದುಕಿಯ ಹೆಸರು ಮಿಸ್ ಅಯೋನಿ. ಎಂಬತ್ತು ದಾಟಿದಾಕೆ. ಆಕೆಯ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವರ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ. ನಮ್ಮ ಸೇಡಂ ಕಡೆಯ ಕನ್ನಡ ಬೆಂಗಳೂರಿನವರಿಗೆ ಹೇಗೋ, ಅದು ಲಂಡನ್ನಿನವರಿಗೆ ಹಾಗೆ.

ನಾಲ್ಕನೆಯ ದಿನ

ಗುಡ್ಡದ ನೆತ್ತಿಯಲ್ಲಿ ಐದು ಚಪ್ಪಡಿಗಳಿದ್ದವು. ಸುತ್ತ ಹುಲ್ಲು, ಮೇಲೆ ಮೆಣಸಿನ ವಾಸನೆಯ ಒಂದು ಮರ. ಕಂಪನಿಯ ನಕ್ಷೆಯಲ್ಲಿ ಆ ಜಾಗಕ್ಕೆ 'ಬರಿಯ ಬಂಡೆ' ಅಂತ ಇತ್ತು. ಕಂಪನಿಯ ಗಡಿ ಅದರ ಮೇಲೇ ಹಾದುಹೋಗುತ್ತಿತ್ತು. ಮಧ್ಯಾಹ್ನದ ಹೊತ್ತು. ಶಹಾಬಾದಿನ ಸುತ್ತಮುತ್ತ ಹುಟ್ಟಿದವನಿಗೆ ಚಪ್ಪಡಿ ಅಂದರೆ ಕೂರುವ ಜಾಗ. ಬಟ್ಟೆ ಒಗೆಯಲು ಅದೇ, ಉಣ್ಣಲು ಅದೇ, ಮಲಗಲು ಅದೇ. ನಾವಿಬ್ಬರೂ ದೊಡ್ಡ ಚಪ್ಪಡಿಯ ಮೇಲೆ ಡಬ್ಬಿ ಬಿಚ್ಚಿ ಅನ್ನ, ಕೋಳಿ ತಿಂದೆವು. ರೊಟ್ಟಿಯ ಪೆಟ್ಟಿಗೆ ಬಾರದ್ದರಿಂದ, ಮನೆಯಲ್ಲಿ ಕೋಳಿ ಮುಟ್ಟದ ನಾನೂ ಅದನ್ನು ತಿನ್ನಲು ಕಲಿತಿದ್ದೆ. ನಾನು ಎಲುಬನ್ನು ಪಕ್ಕದ ಚಪ್ಪಡಿಯ ಮೇಲೆ ಇಟ್ಟೆ. ಆಮೇಲೆ ಕಾಲು ಚಾಚಿ ಮಲಗಿಯೇಬಿಟ್ಟೆ.

ಮೌಲಾ ಅಭ್ಯಾಸದಂತೆ ಸುತ್ತಿಗೆ ತೆಗೆದು ಕಲ್ಲು ಕುಟ್ಟಿದ. ನನ್ನ ತಲೆಯ ಪಕ್ಕ ಒಂದು ಸಲ, ಕಾಲಿನ ಹತ್ತಿರ ಒಂದು ಸಲ. ಗಟ್ಟಿ ಬಂಡೆಯಾದರೆ ಖಣ್ ಅನ್ನಬೇಕು. ಇದು ದಬ್ ಅಂತು. ಅವನು ಬಗ್ಗಿ ಚಪ್ಪಡಿಯ ಅಂಚನ್ನು ಬೆರಳಿಂದ ಸವರಿದ. ಮಣ್ಣು ಕೆರೆದ. ಆಮೇಲೆ ತಟ್ಟನೆ ಎದ್ದು ನಿಂತು ಕರ್ಚೀಫು ತೆಗೆದು ತಲೆಗೆ ಹಾಕಿಕೊಂಡ.

"ಸಾಹೇಬ್ರ, ಏಳ್ರಿ. ಕೆಳಗ ಪೊಳ್ಳ ಅದ. ಅಂಚಿಗಿ ಉಳಿ ಗುರ್ತ ಅವ. ಇದು ಬಂಡೆ ಅಲ್ರಿ, ಯಾರೋ ಮಲಗ್ಯಾರ."

ಎದ್ದೆ ಅನ್ನುವುದಕ್ಕಿಂತ ಉರುಳಿದೆ ಅನ್ನಬೇಕು. ಮೊಣಕಾಲು ಕಲ್ಲಿಗೆ ಬಡಿಯಿತು. ಕುಂಟುತ್ತ ನಿಂತು ನೋಡಿದರೆ ದಾರಿಯ ತುದಿಯಲ್ಲಿ ಮಿಸ್ ಅಯೋನಿ ಕೋಲೂರಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ನಾನು ಮೊದಲು ಕೋಳಿಯ ಎಲುಬನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲೆ, ಬೇರೇನೂ ತೋಚದೆ, ಗುಡ್ ಆಫ್ಟರ್‌ನೂನ್ ಅಂದೆ.

"ನನಗ ಯಾಕ ಹೇಳ್ತಿ? ಅವರಿಗಿ ಹೇಳು," ಅಂದಳು ಮುದುಕಿ, ಕಲ್ಲುಗಳ ಕಡೆ ಕೋಲು ತೋರಿಸಿ.

ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಮೌಲಾನ ಆರು ಮೊಳದ ಅಂಗಿಯಲ್ಲಿ ನಿಂತು ಐದು ಕಲ್ಲುಗಳಿಗೆ ಒಂದೊಂದಾಗಿ ನಮಸ್ಕಾರ ಹೇಳಿದೆ. ಮೌಲಾ ನನ್ನ ಹಿಂದೆಯೇ ಸಲಾಂ ಹೇಳಿದ.

ಐದು ಜನ

ಮಾರನೆಯ ದಿನ ಆಕೆ ನಮ್ಮಿಬ್ಬರನ್ನೂ ಮತ್ತೆ ಮೇಲೆ ಕರೆದುಕೊಂಡು ಹೋದಳು. ಆ ಮನೆತನದ ರೂಢಿ ಅದು. ಅವರ ನೆಲ ತುಳಿದವನನ್ನು ಹಿರಿಯರೊಬ್ಬರು ಸಮಾಧಿಗಳ ಸುತ್ತ ನಡೆಸಿ, ಪ್ರತಿಯೊಬ್ಬರ ಹೆಸರು ಹೇಳಿ ಪರಿಚಯ ಮಾಡಿಸುತ್ತಾರೆ. ಕೆಳಗೆ ಅಂಗಳದಲ್ಲಿ ಆಮೇಲಿನ ತಲೆಮಾರುಗಳ ಸಮಾಧಿಗಳಿವೆ, ಸುಣ್ಣ ಬಳಿದು ಬೆಳ್ಳಗೆ ಮಾಡಿದವು, ಹೆಸರು ಕೊರೆದವು. ಮೇಲಿನ ಐದಕ್ಕೆ ಮಾತ್ರ ಸುಣ್ಣವಿಲ್ಲ, ಹೆಸರೂ ಇಲ್ಲ. ಡ್ರೋನಿಗೆ ಅವು ಬಂಡೆಯಾಗಿ ಕಂಡದ್ದು ಅದಕ್ಕೇ.

ದೊಡ್ಡ ಕಲ್ಲಿನ ಕೆಳಗಿರುವಾಕೆ ಡೋರ್ಕಾಸ್. ಕೆಳಗಿನ ಸಕ್ಕರೆ ಎಸ್ಟೇಟಿನಲ್ಲಿ ಗುಲಾಮಳಾಗಿ ಹುಟ್ಟಿದವಳು. ಅವಳಿಗೆ ಸುಣ್ಣದ ಭಟ್ಟಿಯ ಕೆಲಸ. ಕಲ್ಲು ಸುಟ್ಟು, ಬಿಸಿ ಸುಣ್ಣವನ್ನು ತಲೆಯ ಮೇಲೆ ಹೊತ್ತು ಸಕ್ಕರೆ ಮನೆಗೆ ಹಾಕಬೇಕಿತ್ತಂತೆ. ಬಿಡುಗಡೆಯ ಕಾಯ್ದೆ ಬಂದ ಮೇಲೆ, ಇವರು ಹುಟ್ಟಿದಾಗಿನಿಂದ ಇದ್ದ ಗುಡಿಸಲುಗಳಿಗೇ ಧಣಿ ಬಾಡಿಗೆ ಕೇಳಿದ. ಕೊಡದವರ ಸೂರು ಕಿತ್ತ. ಆಗ ಚರ್ಚಿನ ಪಾದ್ರಿಯೊಬ್ಬ ಪಾಳುಬಿದ್ದ ಈ ಗುಡ್ಡವನ್ನು ಕೊಂಡು ಪಾಲು ಮಾಡಿ, ಬಿಡುಗಡೆಯಾದವರಿಗೆ ಕಂತಿನ ಮೇಲೆ ಕೊಟ್ಟ. ಊರು ಆದದ್ದು ಹಾಗೆ. ಡೋರ್ಕಾಸ್ ಎಲ್ಲರೂ ಬೇಡ ಅಂದ ಕಲ್ಲಿನ ನೆತ್ತಿಯನ್ನೇ ಆರಿಸಿಕೊಂಡಳು. ಅಲ್ಲಿಂದ ಎಸ್ಟೇಟಿನ ಚಿಮಣಿ ಕಾಣುತ್ತದೆ, ಅದರ ಹೊಗೆ ನಿಲ್ಲುವುದನ್ನು ನೋಡಬೇಕು ಅಂದಳಂತೆ. ನೋಡಿದಳಂತೆ ಕೂಡ.

ಸಾಯುವಾಗ ಎರಡು ಮಾತು ಹೇಳಿದಳು. ಈ ನೆಲವನ್ನು ಯಾರೂ ಮಾರಬಾರದು, ನನ್ನ ಹೊಟ್ಟೆಯ ಬಳ್ಳಿಯಲ್ಲಿ ಯಾರಿಗೆ ಸೂರಿಲ್ಲವೋ ಅವರು ಬಂದು ಇಲ್ಲಿ ಇರಲಿ. ಇನ್ನೊಂದು, ನನ್ನ ಮೇಲೆ ಸುಣ್ಣ ಹಾಕಬೇಡಿರಿ, ಜೀವಮಾನಕ್ಕಾಗುವಷ್ಟು ಹೊತ್ತಿದ್ದೇನೆ. ಅವಳ ಗಂಡ, ಅವಳ ತಂಗಿ, ಇಬ್ಬರು ಮಕ್ಕಳು ಸುತ್ತ ಇದ್ದಾರೆ. ಭಟ್ಟಿಯಲ್ಲಿ ದುಡಿದ ಆ ಐವರಿಗೂ ಅದೇ ಮರ್ಯಾದೆ. ನೆಲದ ಕಾಗದ ಒಂದು ತಗಡಿನ ಪೆಟ್ಟಿಗೆಯಲ್ಲಿತ್ತು, ಹಿಂದೊಂದು ಚಂಡಮಾರುತದಲ್ಲಿ ಮನೆಯ ಮಾಡಿನ ಜೊತೆ ಹಾರಿಹೋಯಿತು. ಈಗ ನೆತ್ತಿ ತಮ್ಮದು ಅನ್ನಲು ಇವರಿಗೆ ಇರುವುದು ಆ ಕಲ್ಲುಗಳಷ್ಟೇ.

ಕಂಪನಿಯ ಗುತ್ತಿಗೆಯ ಷರತ್ತಿನಲ್ಲೇ ಇತ್ತು, ಸಮಾಧಿ ಇದ್ದರೆ ಗಡಿ ದೂರ ಸರಿಯಬೇಕು. ಬಂಡೆಯಾದರೆ ಬೇಕಿಲ್ಲ. ಅದನ್ನು ತುಂಬುವ ಕಾಲಂ ನನ್ನ ಹಾಳೆಯಲ್ಲಿತ್ತು, ಕೆಳಗೆ ನನ್ನ ಸಹಿ.

ಸುತ್ತು ಮುಗಿಸಿ ಮಿಸ್ ಅಯೋನಿ ಕೋಲು ಊರಿ ನಿಂತು, ಈಗ ನೀವು ಹೇಳಿರಿ ಅಂದಳು. ನಿಮ್ಮವರು ಎಲ್ಲಿ ಮಲಗಿದ್ದಾರೆ, ಹೆಸರೇನು. ಮೌಲಾ ಶಹಾಬಾದಿನ ಕಬರಸ್ತಾನ ಅಂತ ಹೇಳಿ ಅಪ್ಪ, ಅಜ್ಜ, ಮುತ್ತಜ್ಜ, ಮುತ್ತಜ್ಜಿಯ ಹೆಸರನ್ನು ತಡವರಿಸದೆ ಹೇಳಿದ. ನನ್ನ ಸರದಿ ಬಂತು. ನಾವು ಲಿಂಗಾಯತರು, ಸತ್ತವರನ್ನು ಸುಡುವುದಿಲ್ಲ, ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತೇವೆ ಅಂದೆ. ಆಕೆಗೆ ಅದು ಬಹಳ ಹಿಡಿಸಿತು. ರಾವೂರಿನ ಆಚೆ ನಮ್ಮ ಹೊಲದಲ್ಲಿ ಮುತ್ತಜ್ಜಿಯ ಗದ್ದುಗೆ, ಅಂದರೆ ಸಮಾಧಿಯ ಕಟ್ಟೆ, ಇತ್ತು, ಅಮಾವಾಸ್ಯೆಗೆ ಅವ್ವ ಎಡೆ ಹಿಡಿಯುತ್ತಿದ್ದಳು ಅಂದೆ. ಹೆಸರು ಅಂದಳು. ಹೊಲದ ಆಯಿ, ಅಂದರೆ ಹೊಲದಜ್ಜಿ, ಅಂದೆ. ಎಲ್ಲರೂ ಹಾಗೇ ಕರೆಯುತ್ತಿದ್ದರು.

"ಹೊಲದಾಗ ಇರಾಕಿ ಹೊಲದ ಆಯಿ. ಅದು ಹೆಸರೇನು, ತಮ್ಮಾ?" ಅಂದಳು.

ಇಳಿಯುವಾಗ ಮೊಣಕಾಲಿಗಿಂತ ಆ ಪ್ರಶ್ನೆ ನೋಯುತ್ತಿತ್ತು.

ಒಂದು ದಿನದ ಮೌನ

ಕೆಳಗೆ ಬಂದು ಜೀಪಿನ ನೆರಳಿನಲ್ಲಿ ಕೂತಾಗ ಮೌಲಾ ಸಹಜವಾಗಿಯೇ ಕೇಳಿದ, ಆ ಹೊಲ ಈಗ ಎಲ್ಲಿದೆ ಅಂತ. ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ. ಹೇಳಿಬಿಟ್ಟೆ.

ಇಪ್ಪತ್ತೆರಡು ವರ್ಷದವನಿದ್ದಾಗ ನಾನು ಅಳತೆಯ ಸರಪಳಿ ಹಿಡಿಯುವ ತಾತ್ಕಾಲಿಕ ನೌಕರ. ಕಾಕಾ ಆಗಲೇ ಹೊಲವನ್ನು ಗಣಿಯವರಿಗೆ ಕೊಟ್ಟಾಗಿತ್ತು. ಅಳತೆಗೆ ಹೋದಾಗ ಸಾಹೇಬ ದೂರದಿಂದ ಗದ್ದುಗೆ ತೋರಿಸಿ, ಅದೇನು ಅಂದ. ಗದ್ದುಗೆ ಅಂದರೆ ತಕರಾರು, ಪಂಚಾಯಿತಿ, ಕೆಲಸಕ್ಕೆ ತಡೆ. ನನ್ನ ನೌಕರಿ ಕಾಯಂ ಆಗುವ ವರ್ಷ ಅದು. ಕಲ್ಲಿನ ಗುಂಪಿ, ಬರೀ ರಾಶಿ, ಅಂದೆ. ಸಾಹೇಬ ಹಾಗೇ ಬರೆದುಕೊಂಡ. ಕೆಲವು ವರ್ಷಕ್ಕೆ ಗಣಿ ಅಲ್ಲಿಯವರೆಗೂ ಬಂತು, ಗದ್ದುಗೆ ಹೋಯಿತು. ಅವ್ವನಿಗೆ, ಆವತ್ತು ನಾನು ರಜೆಯಲ್ಲಿದ್ದೆ ಅಂದೆ. ಅವಳು ನಂಬಿದಳೋ ಇಲ್ಲವೋ, ಮತ್ತೆ ಎಡೆಯ ಮಾತು ಎತ್ತಲಿಲ್ಲ.

ಮೌಲಾ ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕಿಟ್ಟ.

"ಆ ಮೂಲಿಗಿ ತೂತ ಹೊಡದಾಂವ ನಾನರೀ, ಸಾಹೇಬ್ರ. ಕೆಳಗ ಪೊಳ್ಳ ಇತ್ತು, ಮಷೀನ ದಡ್ಡಂತ ಒಳಗ ಹೋಯ್ತು. ಏನಪಾ ಇದು ಅಂತ ನಿಮಗ ಕೇಳಿದ್ದೆ. ಇಲಿ ಬಿಲ ಅಂದ್ರಿ. ಹೇಳಿದ್ರ ನಾ ನಿಂದ್ರಸ್ತಿದ್ದೆ."

ಅವನು ಕೇಳಿದ್ದು ನನಗೆ ನೆನಪಿರಲಿಲ್ಲ. ಇಲಿಯ ಬಿಲ ಅಂದದ್ದು ಸಹ ನೆನಪಿಲ್ಲ. ಅವನು ಸುಳ್ಳು ಹೇಳುವವನಲ್ಲ.

ಅವತ್ತು ಸಂಜೆಯಿಂದ ಮರುದಿನ ಸಂಜೆಯವರೆಗೆ ಅವನು ನನ್ನೊಡನೆ ಮಾತಾಡಲಿಲ್ಲ. ಕೆಲಸ ಮಾಡಿದ, ಅಳತೆಯ ಕೋಲು ಹಿಡಿದ, ಒಗೆದ ಅಂಗಿಯನ್ನು ಎಂದಿನಂತೆ ನನ್ನ ಮಂಚದ ಮೇಲೆ ಇಟ್ಟ. ಮಾತು ಮಾತ್ರ ಇಲ್ಲ. ಅಪರಿಚಿತ ದೇಶದಲ್ಲಿ ಕನ್ನಡ ಬಲ್ಲವನೊಬ್ಬನೇ ಇದ್ದು, ಅವನೂ ಬಾಯಿ ಮುಚ್ಚಿದರೆ ಹೇಗಿರುತ್ತದೆ ಅನ್ನುವುದು ಅನುಭವಿಸಿದವನಿಗೇ ಗೊತ್ತು. ಕೊನೆಗೆ ಅವನೇ ಬಂದು, ಅಕ್ಕನಿಗೆ ಫೋನ್ ಮಾಡಿ ಹೆಸರು ಕೇಳಿರಿ ಅಂದ.

ಅಕ್ಕ ಇರುವುದು ಚಿತ್ತಾಪುರದಲ್ಲಿ. ಬೆಳಗಿನ ರೊಟ್ಟಿ ಬಡಿಯುತ್ತಿದ್ದಳು, ಸಪ್ಪಳ ಕೇಳಿಸುತ್ತಿತ್ತು. ಅಷ್ಟು ದೂರದಿಂದ ಫೋನ್ ಮಾಡಿದ್ದು ಇದನ್ನು ಕೇಳಲಿಕ್ಕೇನು ಅಂತ ಬಯ್ದಳು. ಆಮೇಲೆ ಹೇಳಿದಳು:

"ರಾಚಮ್ಮ. ನಿನಗ ಗೊತ್ತಿಲ್ಲೇನು? ಗಿಡ್ಡ ಇದ್ಳಂತ, ಆದ್ರ ದನಿ ಭಾಳ ಜೋರ. ಹೊಲದಾಗ ನಿಂತು ಕರದ್ರ ಊರಾಗ ಕೇಳಸ್ತಿತ್ತಂತ."

ಕೊನೆಯ ಹಾಳೆ

ಹಾಳೆ ತುಂಬುವ ದಿನ ನಮ್ಮನ್ನು ಕಳಿಸಿದ ಮ್ಯಾನೇಜರರ ಫೋನ್ ಬಂತು. ಆ ಕಲ್ಲುಗಳನ್ನು ನಾನು ಸಮಾಧಿ ಅನ್ನುತ್ತಿರುವ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಹೆಸರಿಲ್ಲ, ಕಾಗದವಿಲ್ಲ, ಸುಣ್ಣ ಸಹ ಬಳಿದಿಲ್ಲ, ಯಾವ ಆಧಾರದ ಮೇಲೆ ಬರೆಯುತ್ತೀರಿ ಅಂತ ಕೇಳಿದರು. ಸಿಟ್ಟು ಮಾಡಲಿಲ್ಲ. ಅವರು ಒಳ್ಳೆಯ ಮನುಷ್ಯರೇ, ಅವರಿಗೂ ಮೇಲಿನವರಿದ್ದಾರೆ. ಬಂಡೆ ಅಂತಲೇ ಬರೆದುಬಿಡಿರಿ, ನಿಮಗೂ ವಯಸ್ಸಾಯಿತು, ಯಾಕೆ ತೊಂದರೆ ಅಂದರು. ಆ ಮಾತು ನಿಜಕ್ಕೂ ಹಿತವಾಗಿತ್ತು. ನನಗೂ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

ಆದರೆ ಆಧಾರ ಕೇಳಿದ್ದೇ ತಪ್ಪಾಯಿತು. ಕಲ್ಲಿನ ಆಧಾರವಾದರೆ ನಮಗೆ ಗೊತ್ತಿತ್ತು. ಗುಡ್ಡದ ಕಲ್ಲು ಬಿಳಿ, ಮೆದು, ಉಗುರಿಗೆ ಪುಡಿಯಾಗುವಂಥದು. ಚಪ್ಪಡಿಗಳು ನೀಲಿ ಛಾಯೆಯ ಗಟ್ಟಿ ಕಲ್ಲು. ಅಂಥದು ಕೆಳಗಿನ ಹೊಳೆಯ ಹತ್ತಿರ ಮಾತ್ರ ಇದೆ. ಅಂದರೆ ಅಷ್ಟು ದೂರ ಹೊತ್ತು ತಂದದ್ದು. ನಾಲ್ಕೂ ಅಂಚಿಗೆ ಉಳಿಯ ಗುರುತು, ಒಂದೇ ಕೈಯವನು ಕಡಿದದ್ದು. ಐದೂ ಒಂದೇ ದಿಕ್ಕಿಗೆ. ಕುಟ್ಟಿದರೆ ಪೊಳ್ಳು. ಎಲ್ಲವನ್ನೂ ಬರೆದೆ. ಒಂದೊಂದು ಕಲ್ಲಿನ ಮುಂದೆಯೂ 'ಸಮಾಧಿ' ಅಂತ ಬರೆದು, ಪಕ್ಕದಲ್ಲಿ ಮಿಸ್ ಅಯೋನಿ ಹೇಳಿದ ಹೆಸರು ಹಾಕಿದೆ. ಕೆಳಗೆ ಸಹಿ ಮಾಡಿದೆ. ಸಾಕ್ಷಿಯ ಜಾಗದಲ್ಲಿ ಮೌಲಾ ಕನ್ನಡದಲ್ಲಿ ಸಹಿ ಮಾಡಿದ. ಜಮೈಕಾದ ಯಾವುದೋ ಕಪಾಟಿನಲ್ಲಿ ಅದು ಈಗಲೂ ಇರಬೇಕು.

ನಮ್ಮ ಟಿಕೆಟ್ಟನ್ನು ಎರಡು ದಿನ ಮುಂಚೆಯೇ ಮಾಡಿಸಿದರು. ಹೊರಡುವಾಗ ಮಿಸ್ ಅಯೋನಿಯ ಬೇಲಿಯ ಹತ್ತಿರ ನಿಂತು ಗುಡ್ ಮಾರ್ನಿಂಗ್ ಹೇಳಿದೆ, ಒಂದೇ ಸಲಕ್ಕೆ. ಬರೆದದ್ದನ್ನು ಹೇಳಿದೆ. ಇದರಿಂದ ಏನಾಗುತ್ತದೋ ಗೊತ್ತಿಲ್ಲ ಅಂತಲೂ ಹೇಳಿದೆ. ಆಕೆ ತಲೆಯಾಡಿಸಿ, ನನ್ನ ಮುತ್ತಜ್ಜಿಯ ಹೆಸರು ಸಿಕ್ಕಿತೇ ಅಂತ ಮಾತ್ರ ಕೇಳಿದಳು. ರಾಚಮ್ಮ ಅಂದೆ. ಆಕೆಯ ಬಾಯಿಗೆ ಅದು ಬರಲಿಲ್ಲ, ಎರಡು ಮೂರು ಸಲ ತಿದ್ದಿಕೊಂಡು ಸರಿಯಾಗಿ ಹೇಳಿದಳು. ಹೋಗಿ ಆಕೆಯ ಹತ್ತಿರವೂ ಹೀಗೇ ನಿಂತು ಹೇಳು ಅಂದಳು. ನಾನು ಹೂಂ ಅಂದೆ. ಗದ್ದುಗೆ ಹೋದ ಸಂಗತಿಯನ್ನು ಆಕೆಗೆ ಹೇಳುವ ಧೈರ್ಯ ಕೊನೆಗೂ ಬರಲಿಲ್ಲ.

ಮತ್ತೆ ವಾಡಿ

ಆ ಮ್ಯಾನೇಜರರು ಮತ್ತೆ ಫೋನ್ ಮಾಡಿಲ್ಲ. ಡೆಸ್ಮಂಡ್ ಮೊನ್ನೆ ಮೆಸೇಜು ಕಳಿಸಿದ್ದ. ಬೇರೆ ತಂಡ ಬಂದು ಅಳೆದು ಹೋಯಿತಂತೆ. ಗಡಿಯ ಹೊಸ ಗೂಟಗಳನ್ನು ನೆತ್ತಿ ಬಿಟ್ಟು ಆಚೆ ಇಳಿಜಾರಿನಲ್ಲಿ ನೆಟ್ಟಿದ್ದಾರಂತೆ, ಸದ್ಯಕ್ಕೆ. ಮಿಸ್ ಅಯೋನಿ ದಿನಾ ಬೆಳಿಗ್ಗೆ ಕೋಲೂರಿಕೊಂಡು ಹೋಗಿ ಗೂಟ ಸರಿದಿದೆಯೇ ಅಂತ ನೋಡಿ ಬರುತ್ತಾಳಂತೆ.

ಅದನ್ನು ಓದಿದ ಮರುದಿನ ಶಹಾಬಾದಿಗೆ ಫೋನ್ ಮಾಡಿದೆ. ಮೌಲಾ ಬೈಕಿನ ಮೇಲೆ ಬಂದ. ಇಬ್ಬರೂ ರಾವೂರು ದಾಟಿ ಹಳೆಯ ಗಣಿಯ ಅಂಚಿಗೆ ಹೋದೆವು. ಕಲ್ಲು ಮುಗಿದು ಬಹಳ ವರ್ಷವಾಗಿದೆ. ತಳದಲ್ಲಿ ಹಸಿರು ನೀರು ನಿಂತಿದೆ, ಸುತ್ತ ಜಾಲಿ ಬೆಳೆದಿದೆ. ಹೊಲ ಎಲ್ಲಿತ್ತು ಅಂತ ನನಗೆ ಗುರುತು ಹಿಡಿಯಲಾಗಲಿಲ್ಲ, ಅಳತೆಯಲ್ಲೇ ಬದುಕು ಕಳೆದವನಿಗೆ. ಮೌಲಾ ಹಿಡಿದ. ತಾನು ಮಷೀನು ನಿಲ್ಲಿಸಿದ್ದ ಅಂಚು, ಅಲ್ಲಿಂದ ಇಷ್ಟು ಹೆಜ್ಜೆ ಅಂತ ಎಣಿಸಿ, ನೀರಿನ ಮೇಲೆ ಬರಿಯ ಗಾಳಿ ಇರುವ ಒಂದು ಜಾಗವನ್ನು ಬೆರಳು ಮಾಡಿ ತೋರಿಸಿದ. ಆಮೇಲೆ ಕರ್ಚೀಫು ತೆಗೆದು ತಲೆಗೆ ಹಾಕಿಕೊಂಡ.

ನಾನು ಚಪ್ಪಲಿ ಬಿಟ್ಟು ನಿಂತೆ. ಮೊದಲು ನಮಸ್ಕಾರ ಹೇಳಿದೆ. ಆಮೇಲೆ ರಾಚಮ್ಮ ಅಂದೆ. ನನ್ನ ಹೆಸರು ಹೇಳಿದೆ, ಕಲ್ಲಿನ ಗುಂಪಿ ಅಂದವನು ನಾನೇ ಅಂತಲೂ ಹೇಳಿದೆ. ಎಲ್ಲ ಮೆಲುದನಿಯಲ್ಲೇ ಹೇಳಿದೆ, ನನಗೇ ಸರಿಯಾಗಿ ಕೇಳಿಸಲಿಲ್ಲ.

"ಜೋರ್ಲೆ ಹೇಳ್ರಿ, ಸಾಹೇಬ್ರ. ಭಾಳ ಆಳ ಅದ," ಅಂದ ಮೌಲಾ.

ಜೋರಾಗಿ ಹೇಳಿದೆ.